ಬಾಡೂಟದ ಊರಲ್ಲಿ ನನ್ನ ಎಲೆ

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅದಕ್ಕೆ ಸ್ವಲ್ಪ ದಿನ ಮುಂಚೆ ನನಗೆ ಒಂದೇ ಸಂಜೆ ಮೂರು ಫೋನ್ ಬಂದವು. ಮೂರರಲ್ಲೂ ಒಂದೇ ಪ್ರಶ್ನೆ. "ನೀನು ಯಾರ ಕಡೆ?"

ಸಮ್ಮೇಳನದ ಮಳಿಗೆಗಳ ಷರತ್ತಿನಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ನಿಷೇಧ ಅಂದಿದ್ದರು. ಮಂಡ್ಯದ ಜನ ಕೆರಳಿದರು. ಸಮ್ಮೇಳನದಲ್ಲಿ ಬಾಡೂಟ ಹಾಕಿಸಿ ಅಂತ ಹೋರಾಟ ಶುರುವಾಯಿತು. ಕೊನೆಯ ದಿನ ಊಟದ ಜೊತೆ ಬೇಯಿಸಿದ ಮೊಟ್ಟೆ ಹಂಚುವವರೆಗೂ ಅದು ಹೋಯಿತು.

ನಾನು ಮಾಂಸ ಬಿಟ್ಟು ಆಗ ಒಂಬತ್ತು ವರ್ಷವಾಗಿತ್ತು. ಹಾಲು, ಮೊಸರು, ತುಪ್ಪ ಬಿಟ್ಟು ಆರು ವರ್ಷ. ಹಾಗಾಗಿ ಫೋನ್ ಮಾಡಿದ ಮೂವರೂ ನಾನು ನಿಷೇಧದ ಕಡೆ ಅಂದುಕೊಂಡಿದ್ದರು. ನಾನು ಬಾಡೂಟ ಕೇಳಿದವರ ಕಡೆ ಇದ್ದೆ. ಈಗಲೂ ಅವರ ಕಡೆಯೇ. ಆದರೆ ಆ ಬಾಡೂಟಕ್ಕೆ ಒಂದು ಕುರಿಯೂ ಸಾಯಬಾರದು ಅಂತಲೂ ಮನಸ್ಸಿನಲ್ಲಿತ್ತು. ಈ ಎರಡೂ ಒಂದೇ ಎದೆಯಲ್ಲಿ ಹೇಗೆ ಇರುತ್ತವೆ ಅಂತ ಫೋನಿನಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಷರತ್ತು ಓದಿದಾಗ ನನಗೆ ಕಣ್ಣ ಮುಂದೆ ಬಂದವಳು ಅವ್ವ. ನಮ್ಮದು ಮದ್ದೂರು ಹತ್ತಿರದ ಹಳ್ಳಿ. ಮಹಾಲಯ ಅಮಾವಾಸ್ಯೆಯ ದಿನ ಅವ್ವ ತಲೆಗೆ ನೀರು ಹಾಕಿಕೊಂಡು, ಒಲೆ ಸಾರಿಸಿ, ತಾತನಿಗೆ ಎಡೆ ಇಡುತ್ತಾಳೆ. ಬಾಳೆಲೆ ಮೇಲೆ ಮುದ್ದೆ, ಬಾಡಿನ ಸಾರು, ಪಕ್ಕದಲ್ಲಿ ಹೊಸ ಪಂಚೆ. ಎಡೆ ಇಟ್ಟು ಬಾಗಿಲು ಮುಂದಕ್ಕೆ ಮಾಡಿ, ಎಲ್ಲರೂ ಆಚೆ ಕೂತಿರುತ್ತೇವೆ, ತಾತ ಬಂದು ಉಂಡು ಹೋಗಲಿ ಅಂತ. ಆಗ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಸತ್ತವರ ಮೇಲಿನ ಅಷ್ಟು ಪ್ರೀತಿಯನ್ನು ಬೀಡಿ, ಬ್ರಾಂದಿಯ ಪಕ್ಕ ಬರೆಯಬಹುದಾ?

ನಾನು ಮಾಂಸ ಬಿಟ್ಟ ಕಾರಣಕ್ಕೂ ಮಡಿ ಮೈಲಿಗೆಗೂ ಸಂಬಂಧ ಇಲ್ಲ. ಅದು ಒಂದು ಕೋಳಿ ಶೆಡ್ಡಿನಿಂದ ಶುರುವಾಯಿತು.

ನಮ್ಮ ಚಿಕ್ಕಪ್ಪ ಮಳವಳ್ಳಿ ಕಡೆ ಬ್ರಾಯ್ಲರ್ ಫಾರಂ ಹಾಕಿದ್ದರು. ಐದು ಸಾವಿರ ಮರಿಯ ಶೆಡ್ಡು. ಮರಿ, ಫೀಡು, ಔಷಧಿ ಎಲ್ಲ ಕಂಪನಿಯದು. ಶೆಡ್ಡು, ಕರೆಂಟು, ಮೈಗೆಲಸ ಚಿಕ್ಕಪ್ಪನದು. ಸಾಕಿದ್ದಕ್ಕೆ ಕೆಜಿಗೆ ಇಷ್ಟು ಅಂತ ಕೂಲಿ. ಪಿಯುಸಿ ರಜೆಯಲ್ಲಿ ನಾನು ಅಲ್ಲಿಗೆ ಹೋಗಿ ಇರುತ್ತಿದ್ದೆ. ಬೆಳಿಗ್ಗೆ ಐದು ಗಂಟೆಗೆ ಬಕೆಟ್ ಹಿಡಿದು ಸತ್ತ ಕೋಳಿ ಆಯುವುದು ನನ್ನ ಕೆಲಸ. ನಿಧಾನಕ್ಕೆ ನಡೆಯಬೇಕು. ಜೋರಾಗಿ ನಡೆದರೆ ಬೆದರಿ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬೀಳುತ್ತವೆ, ಅಡಿಯಲ್ಲಿದ್ದವು ಉಸಿರುಕಟ್ಟಿ ಸಾಯುತ್ತವೆ. ಆಯ್ದದ್ದನ್ನು ಎಣಿಸಿ, ಗೋಡೆಗೆ ನೇತುಹಾಕಿದ ಕಾರ್ಡಿನಲ್ಲಿ ಬರೆಯಬೇಕು. ನೂರಕ್ಕೆ ನಾಲ್ಕೈದು ಸಾಯುವುದು ಲೆಕ್ಕದಲ್ಲೇ ಇರುತ್ತದೆ. ಅದಕ್ಕೆ ಯಾರೂ ಗಾಬರಿಯಾಗುವುದಿಲ್ಲ.

ಬರುವಾಗ ಮರಿ 40 ಗ್ರಾಂ ಇರುತ್ತದೆ. ಒಂದು ಕೈಯೊಳಗೆ ಎರಡು ಹಿಡಿಯಬಹುದು. 40 ದಿನಕ್ಕೆ ಎರಡು ಕೆಜಿ. ಐವತ್ತು ಪಟ್ಟು! ಆ ಬೆಳವಣಿಗೆಯನ್ನು ಎದೆಯ ಮಾಂಸ ತಡೆದುಕೊಳ್ಳುತ್ತದೆ, ಕಾಲು ತಡೆದುಕೊಳ್ಳುವುದಿಲ್ಲ. ಐದನೇ ವಾರದಲ್ಲಿ ಒಂದು ಬೆಳಿಗ್ಗೆ ಹೊಟ್ಟಿನ ಮೇಲೆ ಕೂತಿದ್ದ ಒಂದು ಕೋಳಿಯನ್ನು ಸತ್ತಿದೆ ಅಂದುಕೊಂಡು ಎತ್ತಲು ಬಗ್ಗಿದೆ. ಎರಡು ಕಾಲೂ ಎರಡು ಕಡೆಗೆ ಚಾಚಿಕೊಂಡಿದ್ದವು. ಎದೆಯ ಪುಕ್ಕ ಸವೆದು ಚರ್ಮ ಕೆಂಪಾಗಿತ್ತು. ಕಣ್ಣು ಮಾತ್ರ ಚುರುಕಾಗಿತ್ತು. ನನ್ನ ಹವಾಯಿ ಚಪ್ಪಲಿಯ ನೀಲಿ ಬಾರನ್ನು ಕುಕ್ಕಿ ನೋಡಿತು. ಆಮೇಲೆ ಕೂಗಿತು. ಕೀಂ ಕೀಂ ಅಂತ. ಎರಡು ಕೆಜಿ ಕೋಳಿಯ ಬಾಯಿಂದ ಮರಿಯ ದನಿ.

ಹೌದಲ್ವಾ, ಅದು ಮರಿಯೇ. ನಮ್ಮ ಹಿತ್ತಿಲಿನ ನಾಟಿ ಹೇಂಟೆ ಮೊದಲ ಮೊಟ್ಟೆ ಇಡುವುದಕ್ಕೆ ಐದಾರು ತಿಂಗಳು ಬೇಕು. ಬ್ರಾಯ್ಲರ್ ಅಂಗಡಿಯಲ್ಲಿ ನಾವು ತೂಗಿಸಿಕೊಂಡು ತರುವುದು ಆರು ವಾರದ ಮರಿಯನ್ನು. ದನಿ ಒಡೆಯುವಷ್ಟು ದಿನ ಕೂಡ ಅದು ಬದುಕಿರುವುದಿಲ್ಲ.

ಚಿಕ್ಕಪ್ಪ ಕೆಟ್ಟವರಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಏಪ್ರಿಲ್ ಬಿಸಿಲಿಗೆ ಕೋಳಿ ಸಾಯುತ್ತವೆ ಅಂತ ಮಧ್ಯಾಹ್ನವೆಲ್ಲ ಗೋಣಿಚೀಲ ನೆನೆಸಿ ನೆನೆಸಿ ಶೆಡ್ಡಿಗೆ ಕಟ್ಟುತ್ತಿದ್ದರು. ಕರೆಂಟ್ ಹೋದರೆ ಊಟ ಬಿಟ್ಟು ಏಳುತ್ತಿದ್ದರು. ಲೋಡಿಂಗ್ ದಿನ ರಾತ್ರಿ ಹುಡುಗರು ಕಾಲು ಹಿಡಿದು ತಲೆಕೆಳಗಾಗಿ ಎತ್ತಿ ಕ್ರೇಟಿಗೆ ತುಂಬುವಾಗ, ಅವರು ತೂಕದ ಚೀಟಿ ನೋಡಿಕೊಂಡು ಆ ಕಡೆ ನಿಂತಿರುತ್ತಿದ್ದರು. ಕ್ರೇಟಿನ ಕಡೆ ತಿರುಗುತ್ತಿರಲಿಲ್ಲ.

ನಾನು ಆಗಲೇ ಮಾಂಸ ಬಿಡಲಿಲ್ಲ. ಆ ದನಿ ಕಿವಿಯಲ್ಲಿದ್ದರೂ ಎಂಟು ವರ್ಷ ತಿಂದೆ. ಇದು ನೆನಪಿರುವುದರಿಂದಲೇ, ಬೇರೆಯವರು ನಾನು ಹೇಳಿದ ತಕ್ಷಣ ಬಿಡಬೇಕು ಅಂತ ನಾನು ಬಯಸಬಾರದು. ಆದರೆ ಬಿಟ್ಟ ಹೊಸದರಲ್ಲಿ ಬಯಸಿದೆ. ಅವತ್ತಿನ ಕಥೆ ಹೇಳಬೇಕು.

ದೊಡ್ಡಪ್ಪನ ಮಗನ ಮದುವೆಯ ಬೀಗರೂಟ. ನಮ್ಮ ಕಡೆ ಬೀಗರೂಟ ಅಂದರೆ ಏನು ಅಂತ ಗೊತ್ತಿರುವವರಿಗೆ ಗೊತ್ತು. ಬಾಡೂಟಕ್ಕೆ ಊರಿಗೆ ಊರೇ ಬರುತ್ತದೆ. ಅವ್ವ, ಅಕ್ಕ, ಚಿಕ್ಕಮ್ಮಂದಿರು ನಡುರಾತ್ರಿಯಿಂದ ಈರುಳ್ಳಿ, ಕಾಯಿ, ಶುಂಠಿಯ ನಡುವೆ ಇದ್ದರು. ಪಂಕ್ತಿಯಲ್ಲಿ ನನ್ನ ಎಲೆಗೆ ಬರೀ ಅನ್ನ, ತಿಳಿಸಾರು. ಪಕ್ಕದಲ್ಲಿ ಭಾವ. ನಾನು ಸುಮ್ನೆ ಉಂಡು ಏಳಬಹುದಿತ್ತು. ಫೋನ್ ತೆಗೆದು ಭಾವನಿಗೆ ಕಸಾಯಿಖಾನೆಯ ವಿಡಿಯೊ ತೋರಿಸಿದೆ. ತುತ್ತು ಬಾಯಿಗೆ ಹೋಗುವ ಹೊತ್ತಿನಲ್ಲಿ.

ಭಾವ ಕೈ ಎಲೆಯ ಮೇಲೆ ಇಟ್ಟರು. "ಏನ್ಲಾ, ನೀನೂ ಐನೋರಾಗ್ಬುಟ್ಯಾ? ನಾವು ಉಣ್ಣದು ನೋಡುದ್ರೆ ನಿಂಗೆ ಅಸಹ್ಯ ಆಯ್ತದಾ?"

ಅವ್ವ ಸಾರಿನ ಬಕೆಟ್ ಹಿಡಿದು ಎದುರಿಗೇ ನಿಂತಿದ್ದಳು. ಏನೂ ಅನ್ನಲಿಲ್ಲ. ಮುಂದಿನ ಎಲೆಗೆ ಹೋದಳು.

ಭಾವ ಎರಡು ವರ್ಷ ಮೈಸೂರಿನಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದರು. ಬಾಡಿಗೆ ಮನೆ ಹುಡುಕುವಾಗ ಗೇಟಿನಲ್ಲೇ ನಿಲ್ಲಿಸಿ "ನೀವು ಯಾವ ಜನ?" ಅಂತ ಕೇಳಿದ್ದು, "ನಾನ್‌ವೆಜ್ ಮಾಡೋರಿಗೆ ಕೊಡಲ್ಲ" ಅಂದಿದ್ದು, ಇವೆಲ್ಲ ಅವರಿಗೆ ಆದದ್ದೇ. ನಾನು ಅವತ್ತು ಕುರಿಯ ಬಗ್ಗೆ ಮಾತಾಡುತ್ತಿದ್ದೆ. ಅವರಿಗೆ ಕೇಳಿಸಿದ್ದು ಆ ಗೇಟಿನ ಮಾತು. ತಪ್ಪು ಅವರ ಕಿವಿಯದಲ್ಲ. ನಮ್ಮಲ್ಲಿ "ಮಾಂಸ ತಿನ್ನಬೇಡ" ಅಂತ ಹೇಳಿದವರಲ್ಲಿ ಬಹಳ ಜನ ಕುರಿಯ ನೋವು ನೋಡಿ ಹೇಳಿದವರಲ್ಲ, ತಿನ್ನುವವನನ್ನು ದೂರ ನಿಲ್ಲಿಸಲು ಹೇಳಿದವರು. ಕುರಿಯ ಹೆಸರಿನಲ್ಲಿ ಮನುಷ್ಯನಿಗೆ ಅವಮಾನ ಮಾಡಿದರು. ಅದರಿಂದ ಕುರಿಗೂ ಏನೂ ಸಿಗಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಗಂಡಸರಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ, ಹೆಂಗಸರಲ್ಲಿ 70ರಷ್ಟು ಜನ ಮೀನು, ಕೋಳಿ, ಮಾಂಸ ತಿನ್ನುವವರು. ಇಷ್ಟು ಜನರನ್ನು ಮೈಲಿಗೆಯವರು ಅಂದುಕೊಂಡು ಅವರ ಜೊತೆ ಯಾವ ಮಾತು ಶುರು ಮಾಡೋಕೆ ಆಗುತ್ತದೆ?

ಆಗಿನ್ನೂ ನಾನು ಹಾಲು ಕುಡಿಯುತ್ತಿದ್ದೆ. ಮೈಸೂರಿನ ಆಫೀಸಿನಲ್ಲಿ ಹುಟ್ಟಿನಿಂದ ಸಸ್ಯಾಹಾರಿಗಳಾದ ಸ್ನೇಹಿತರು "ಒಳ್ಳೇದು ಮಾಡಿದ್ರಿ, ಸಾತ್ವಿಕ ಆಹಾರ" ಅಂತ ಬೆನ್ನು ತಟ್ಟುತ್ತಿದ್ದರು. ನಾನು ಖುಷಿಪಡುತ್ತಿದ್ದೆ. ಆ ಖುಷಿ ಮುಗಿದದ್ದು ಅಕ್ಕನ ಕೊಟ್ಟಿಗೆಯಲ್ಲಿ.

ಅಕ್ಕನ ಮನೆ ಪಾಂಡವಪುರ ಹತ್ತಿರ. ಎರಡು ಸೀಮೆಹಸು ಇವೆ. ಒಂದು ಈದಿದೆ, ಗಿಣ್ಣು ಮಾಡಿದ್ದೀನಿ ಬಾ ಅಂತ ಕರೆದಳು. ಗಿಣ್ಣು ಅಂದರೆ ಚಿಕ್ಕಂದಿನಿಂದ ನನಗೆ ಪ್ರಾಣ. ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿದರೆ ಗಟ್ಟಿಯಾಗಿ, ಚಮಚದಲ್ಲಿ ಮುರಿದು ತಿನ್ನುವ ಹಾಗೆ ಆಗುತ್ತದೆ. ತಿಂದೆ. ಬಟ್ಟಲು ಹಿಡಿದುಕೊಂಡೇ ಕೊಟ್ಟಿಗೆಗೆ ಹೋದೆ. ಮೂಲೆಯಲ್ಲಿ ನಾಲ್ಕು ದಿನದ ಕರು, ಕಪ್ಪು ಬಿಳುಪು, ಹೋರಿಗರು. ಮೊಳದುದ್ದದ ಹಗ್ಗ. ಅಕ್ಕ ಹಸು ಹಾಲು ಇಳಿಸಲಿ ಅಂತ ಕರುವನ್ನು ಬಿಟ್ಟಳು. ಅದು ಹೋಗಿ ಕೆಚ್ಚಲಿಗೆ ಎರಡು ಸಲ ಗುದ್ದಿತು. ಬಾಲ ಗರಗರ ಆಡಿತು. ಅಷ್ಟರಲ್ಲಿ ಅಕ್ಕ ಎಳೆದು ಕಟ್ಟಿದಳು. ಮೂತಿಯ ಮೇಲೆ ನೊರೆ ಇನ್ನೂ ಇತ್ತು. ಅದನ್ನು ನೆಕ್ಕುತ್ತಾ ಹಗ್ಗ ಜಗ್ಗುತ್ತಿತ್ತು. ಹಸು ಕತ್ತು ತಿರುಗಿಸಿ ಅದನ್ನೇ ನೋಡುತ್ತಿತ್ತು.

ಗಿಣ್ಣುಹಾಲು ಯಾಕೆ ಬರುತ್ತದೆ ಅಂತ ಆಮೇಲೆ ಓದಿದೆ. ಕರು ಹುಟ್ಟುವಾಗ ಅದರ ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೊದಲ ದಿನ ಕುಡಿಯುವ ಗಿಣ್ಣಿನಿಂದಲೇ ಅದು ಬರಬೇಕು. ನನ್ನ ಬಟ್ಟಲಲ್ಲಿದ್ದದ್ದು ಅದು.

"ಈ ಕರೂನ ಏನ್ ಮಾಡ್ತೀಯಕ್ಕ?" ಅಂದೆ.

ಅಕ್ಕ ಹಾಲಿನ ಕ್ಯಾನ್ ತೊಳೆಯುತ್ತಾ, "ಯಾರಾದ್ರೂ ಕೇಳುದ್ರೆ ಕೊಡದು" ಅಂದಳು.

ಮುಂದಿನ ಸಲ ಹೋದಾಗ ಗೂಟ ಇತ್ತು, ಹಗ್ಗ ಇತ್ತು. ನಾನು ಕೇಳಲಿಲ್ಲ. ಕೇಳಬೇಕಿತ್ತು.

ತಾತನ ಕಾಲದಲ್ಲಿ ಹೋರಿಗರು ಹುಟ್ಟಿದರೆ ಮನೆಗೆ ಸಿರಿ ಬಂದ ಹಾಗೆ. ಹಳ್ಳಿಕಾರ್ ಹೋರಿ ಅಂದರೆ ಉಳುಮೆ, ಗಾಡಿ, ಜಾತ್ರೆಯಲ್ಲಿ ಗತ್ತು. ಈಗ ಉಳುವುದು ಟ್ರ್ಯಾಕ್ಟರ್ ಮತ್ತು ಟಿಲ್ಲರ್. ಸೀಮೆಹಸುವಿನ ಹೋರಿಗೆ ಇಣಿ ಇಲ್ಲ, ನಮ್ಮ ಬಿಸಿಲಲ್ಲಿ ನೊಗ ಎಳೆಯುವ ತಾಕತ್ತೂ ಇಲ್ಲ. ಆದರೆ ಹಸು ಹಾಲು ಕೊಡಬೇಕಾದರೆ ಈಯಲೇಬೇಕು. ಒಂಬತ್ತು ತಿಂಗಳು ಹೊರಬೇಕು. ಈದು ಎರಡು ಮೂರು ತಿಂಗಳಿಗೆ ಮತ್ತೆ ಇಂಜೆಕ್ಷನ್ ಕೊಡಿಸಿ ಗಬ್ಬ ಕಟ್ಟಿಸುತ್ತಾರೆ. ಹುಟ್ಟುವುದರಲ್ಲಿ ಅರ್ಧ ಹೋರಿಗರು. ನಾವು ಕುಡಿಯುವ ಪ್ರತಿ ಲೋಟದ ಹಿಂದೆ ಯಾರಿಗೂ ಬೇಡವಾದ ಒಂದು ಕರು ಇದೆ. ಗೋಹತ್ಯೆ ನಿಷೇಧದ ಹೊಸ ಕಾನೂನು 2021ರಲ್ಲಿ ಜಾರಿಗೆ ಬಂತು. ಅದರಿಂದ ಕರು ಯಾರಿಗೂ ಬೇಕಾದದ್ದೇನೂ ಆಗಲಿಲ್ಲ. ಅದನ್ನು ಸಾಕುವ ದುಡ್ಡು ಅಕ್ಕನಿಗೆ ಎಲ್ಲಿಂದ ಬರಬೇಕು ಅನ್ನುವುದನ್ನು ಕಾನೂನು ಹೇಳುವುದಿಲ್ಲ.

ನಾನು ಹಾಲು ಬಿಟ್ಟೆ. ಬೆನ್ನು ತಟ್ಟುತ್ತಿದ್ದ ಸ್ನೇಹಿತರೇ "ಇದು ಸ್ವಲ್ಪ ಜಾಸ್ತಿ ಆಯ್ತು" ಅಂದರು. "ಹಾಲಿನಲ್ಲಿ ಹಿಂಸೆ ಎಲ್ಲಿದೆ?" ಅಂದರು. ಅವರ ಮುಖದಲ್ಲಿ ನನಗೆ ಬೀಗರೂಟದ ಭಾವ ಕಂಡರು. ಅದೇ ನೋವು, ಅದೇ ಸಿಟ್ಟು. ತಟ್ಟೆಯ ಬಗ್ಗೆ ಮಾತಾಡಿದರೆ ಎಲ್ಲರಿಗೂ ಹಾಗೇ ಆಗುತ್ತದೆ. ಪ್ರಾಣಿಯಿಂದ ಬಂದದ್ದು ಏನೂ ಬೇಡ ಅನ್ನುವವರಿಗೆ ಇರುವ ವೀಗನ್ ಅನ್ನುವ ಪದ ಹುಟ್ಟಿದ್ದೂ ಇಂಥದ್ದೇ ಜಗಳದಲ್ಲಿ. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತವರ ಗೆಳೆಯರು, ಸಸ್ಯಾಹಾರಿಗಳು ಹಾಲು ಮೊಟ್ಟೆಯ ಮಾತು ಎತ್ತುವುದಿಲ್ಲ ಅಂತ ಬೇರೆ ಸಂಘ ಕಟ್ಟಿದರು. ಕನ್ನಡದಲ್ಲಿ ಅದಕ್ಕೊಂದು ಪದ ಇನ್ನೂ ಊರಿಲ್ಲ. ಅವ್ವ ಬೇರೆಯವರಿಗೆ ಹೇಳುವಾಗ "ಅವ್ನು ಹಾಲೂ ಮುಟ್ಟಲ್ಲ ಕಣವ್ವ" ಅನ್ನುತ್ತಾಳೆ. ನನಗೆ ಅದೇ ಸಾಕು.

ಹಾಲು ಬಿಟ್ಟ ಮೇಲೆ ಭಾವನ ಜೊತೆ ಮಾತಾಡುವುದು ಸುಲಭವಾಯಿತು. ಯಾಕಂದರೆ ಈಗ ನಾನು ಯಾವ ಜನದ ಪರವಾಗಿಯೂ ಮಾತಾಡುತ್ತಿಲ್ಲ ಅಂತ ಅವರಿಗೆ ಗೊತ್ತಾಯಿತು. ತುಪ್ಪ ಸುರಿದುಕೊಂಡು ಉಣ್ಣುವವರಿಗೂ ಬಾಡು ತಿನ್ನುವವರಿಗೂ ನನ್ನ ಪ್ರಶ್ನೆ ಒಂದೇ. ಆ ಪ್ರಾಣಿಗೆ ಏನಾಗುತ್ತದೆ?

ಭಾವ ವಾದದಲ್ಲಿ ಗಟ್ಟಿ. "ಗಿಡಕ್ಕೂ ಜೀವ ಇಲ್ವೇನ್ಲಾ?" ಅನ್ನುತ್ತಾರೆ. ಇದೆ. ಆದರೆ ಸೊಪ್ಪು ಕುಯ್ದರೆ ಮತ್ತೆ ಚಿಗುರುತ್ತದೆ. ಕುರಿ ಹಿಡಿಯಲು ಹೋದರೆ ಓಡುತ್ತದೆ. ಗಿಡಕ್ಕೆ ನರ ಇಲ್ಲ, ಮಿದುಳಿಲ್ಲ. ಹಕ್ಕಿಗಳಿಗೂ ಸಸ್ತನಿ ಪ್ರಾಣಿಗಳಿಗೂ ಅರಿವು ಹುಟ್ಟಿಸುವ ನರವ್ಯವಸ್ಥೆ ಇದೆ ಅಂತ 2012ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ್ದ ವಿಜ್ಞಾನಿಗಳು ಘೋಷಿಸಿದರು. ನಮ್ಮೂರಿನ ಕುರಿ ಕಾಯುವವರನ್ನು ಕೇಳಿದ್ದರೆ ಅವರೂ ಹೇಳುತ್ತಿದ್ದರು. ಇನ್ನು ಗಿಡದ ಮೇಲೆ ನಿಜವಾಗಿ ಕನಿಕರ ಇದ್ದರೂ ಕೋಳಿ ಬಿಡಬೇಕಾಗುತ್ತದೆ. ಒಂದು ಕೆಜಿ ಬ್ರಾಯ್ಲರ್ ಬೆಳೆಯಲು ಒಂದೂವರೆ ಕೆಜಿಗೂ ಜಾಸ್ತಿ ಮೆಕ್ಕೆಜೋಳ, ಸೋಯಾ ಬೇಕು.

"ಮಾರಮ್ಮ ಕೇಳ್ತಾಳಲ್ಲ?" ಇದಕ್ಕೆ ನಾನು ಕಾನೂನು ತೋರಿಸುವುದಿಲ್ಲ. ಪ್ರಾಣಿಬಲಿ ತಡೆಯುವ ಕಾನೂನು ರಾಜ್ಯದಲ್ಲಿ 1959ರಿಂದಲೇ ಇದೆ, ಮರಿ ಕಡಿಯುವುದು ನಿಂತಿಲ್ಲ. ಆಯುಧಪೂಜೆಗೆ ಭಾವ ಟ್ರ್ಯಾಕ್ಟರ್ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆಯುತ್ತಾರೆ. ಟ್ರ್ಯಾಕ್ಟರ್‌ಗೆ ಅದು ಒಪ್ಪಿಗೆಯಾಗುತ್ತದೆ ಅಂದರೆ ಮಾರಮ್ಮನಿಗೂ ಆಗಬಹುದು. ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಮಾರಮ್ಮ ಅವರ ದೇವರೂ ಹೌದು, ನನ್ನ ದೇವರೂ ಹೌದು.

ಸ್ಕೂಲಿನ ಬಿಸಿಯೂಟದಲ್ಲಿ ಮಕ್ಕಳಿಗೆ ಕೊಡುವ ಮೊಟ್ಟೆಯ ವಿಷಯಕ್ಕೆ ಬಂದರೆ ನಾನು ಅದನ್ನು ವಿರೋಧಿಸುವುದಿಲ್ಲ. ಮೊಟ್ಟೆಯ ಹಿಂದೆ ಏನಿದೆ ಅಂತ ಗೊತ್ತು. ಒಂದು ಕೋಳಿಗೆ ಒಂದು ಹಾಳೆಯಷ್ಟೂ ಜಾಗವಿಲ್ಲದ ಪಂಜರ, ಮೊಟ್ಟೆ ಇಡುವುದಿಲ್ಲ ಅಂತ ಹುಟ್ಟಿದ ದಿನವೇ ಸಾಯಿಸುವ ಗಂಡುಮರಿಗಳು. ಆದರೂ ಮನೆಯಲ್ಲಿ ಹೊಟ್ಟೆತುಂಬ ಕಾಳು ಬೇಳೆ ಕಾಣದ ಮಗುವಿನ ತಟ್ಟೆಯಿಂದ ನನ್ನ ಮಾತು ಶುರುವಾಗಬಾರದು. ಆಯ್ಕೆ ಇರುವವರಿಂದ ಶುರುವಾಗಬೇಕು. ನನ್ನಂಥವರಿಂದ.

ನಾನು ಈಗ ಜನರಿಗೆ ಮೊದಲು ಹೇಳುವುದು ಬ್ರಾಯ್ಲರ್ ಬಿಡಿ ಅಂತ. ಕೆಲವು ವೀಗನ್ ಗೆಳೆಯರಿಗೆ ಇದು ಹಿಡಿಸುವುದಿಲ್ಲ, ಅರ್ಧಂಬರ್ಧ ಅನ್ನುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಕುರಿಯ ಬಾಡಿನಷ್ಟು ಮಾಂಸಕ್ಕೆ ಹತ್ತು ಕೋಳಿಯಾದರೂ ಬೇಕು. ಬನ್ನೂರು ಕುರಿ ಸಾಮಾನ್ಯವಾಗಿ ಬಯಲಲ್ಲಿ ಮೇಯ್ದಿರುತ್ತದೆ, ಬಿಸಿಲು ಕಂಡಿರುತ್ತದೆ. ಬ್ರಾಯ್ಲರ್ ಮಣ್ಣನ್ನೇ ತುಳಿದಿರುವುದಿಲ್ಲ. ಅವ್ವನಿಗೆ ಡಾಕ್ಟರ್ "ಮಟನ್ ಕಡಿಮೆ ಮಾಡಿ, ಚಿಕನ್ ತಿನ್ನಿ" ಅಂದಿದ್ದರು. ಆ ಒಂದು ಮಾತಿನಿಂದ ಸಾಯುವ ಜೀವಗಳು ಹತ್ತು ಪಟ್ಟು ಆಗುತ್ತವೆ ಅಂತ ಯಾರೂ ಯೋಚಿಸುವುದಿಲ್ಲ.

ಕರುಣೆ ಸಸ್ಯಾಹಾರಿಗಳ ಆಸ್ತಿ ಅಂತ ನನಗೆ ಅನ್ನಿಸಿಲ್ಲ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಬಂತು. ಸುತ್ತಮುತ್ತಲ ಮನೆಗಳಲ್ಲಿ ಸಾಕಿದ ಕೋಳಿಗಳನ್ನೆಲ್ಲ ಹಿಡಿದು ಕೊಲ್ಲಬೇಕಾಯಿತು. ಅಲ್ಲಿದ್ದ ನನ್ನ ಗೆಳೆಯನ ತಾಯಿ ಪ್ರತಿ ಭಾನುವಾರ ಕೋಳಿ ಸಾರು ಮಾಡುವವರು. ಅವರು ತಮ್ಮ ಒಂದು ಹೇಂಟೆಯನ್ನು ಬುಟ್ಟಿ ಕವುಚಿ, ಅದರ ಮೇಲೆ ಕೂತುಬಿಟ್ಟಿದ್ದರಂತೆ. ಕೊನೆಗೆ ಮಗನೇ ಎಬ್ಬಿಸಬೇಕಾಯಿತು. ಎರಡು ದಿನ ಉಣ್ಣಲಿಲ್ಲ. ನಾನು ಅವರಿಗೆ ಹೊಸದಾಗಿ ಏನು ಕಲಿಸಲಿ? ಬುಟ್ಟಿಯ ಮೇಲೆ ಕೂತಾಗ ಅವರಿಗೆ ಗೊತ್ತಿದ್ದದ್ದನ್ನೇ ಅಂಗಡಿಯ ಕ್ರೇಟಿನ ಮುಂದೆ ನಿಂತಾಗ ನೆನಪಿಸಬೇಕು, ಅಷ್ಟೇ.

ನೆನಪಿಸಲು ನನಗೆ ಸಿಕ್ಕ ದಾರಿ ಒಲೆ. ಸೊನೆ ಅವರೆಕಾಯಿ ಕಾಲದಲ್ಲಿ ಊರಿಗೆ ಹೋಗಿ ಕೂತು ಅವರೆಬೇಳೆ ಹಿತುಕುತ್ತೇನೆ. ಅವ್ವ ಬಾಡಿನ ಸಾರಿಗೆ ಹಾಕುವ ಮಸಾಲೆಯನ್ನೇ ಹಾಕುತ್ತಾಳೆ. ಸುಟ್ಟ ಈರುಳ್ಳಿ, ಕಾಯಿ, ಗಸಗಸೆ, ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು. ಎಳೆ ಹಲಸಿನಕಾಯಿ ಸಿಕ್ಕರೆ ಅದಕ್ಕೂ ಅದೇ. ಮೊಳಕೆ ಹುರುಳಿ, ಉಪ್ಸಾರು, ಬಸ್ಸಾರು, ಹುಚ್ಚೆಳ್ಳು ಚಟ್ನಿ, ಇವುಗಳಲ್ಲಿ ಬಿಡಬೇಕಾದದ್ದು ಏನೂ ಇಲ್ಲ. ಹಾಲಿಲ್ಲದೆ ಮೂಳೆ ಹೇಗೆ ಅಂತ ಕೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು. ಬಿ12 ಮಾತ್ರ ಗಿಡದಿಂದ ಸಿಗುವುದಿಲ್ಲ. ನಾನು ಮಾತ್ರೆ ನುಂಗುತ್ತೇನೆ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಇದನ್ನು ಮುಚ್ಚಿಟ್ಟು ಯಾರನ್ನೂ ಒಪ್ಪಿಸಬಾರದು.

ಭಾವ ಬ್ರಾಯ್ಲರ್ ಬಿಟ್ಟು ಎರಡು ವರ್ಷವಾಯಿತು. ನನಗೆ ಹೇಳಲಿಲ್ಲ, ಅಕ್ಕನಿಂದ ಗೊತ್ತಾಯಿತು. ಹೊಸತೊಡಕಿಗೆ ಮಟನ್ ಇದ್ದೇ ಇರುತ್ತದೆ. ಈ ಸಲ ನನ್ನ ಪಾತ್ರೆಯಿಂದಲೂ ಎರಡು ಸೌಟು ಹಾಕಿಸಿಕೊಂಡರು. "ಬಾಡಿಲ್ದೇ ಇದ್ರೂ ಮುದ್ದೆ ಇಳೀತದೆ ಕಣ್ಲಾ" ಅಂದರು. ಅವತ್ತು ನಾನು ಫೋನ್ ಜೇಬಿನಿಂದ ತೆಗೆಯಲಿಲ್ಲ.

ಹಾಲಿನ ವಿಷಯ ಅಕ್ಕನ ಹತ್ತಿರ ಎತ್ತುವುದಕ್ಕೆ ನನಗೆ ಇನ್ನೂ ಬಾಯಿ ಬರುವುದಿಲ್ಲ. ಡೇರಿ ಬಟವಾಡೆ ಬಂದರೆ ಮಕ್ಕಳ ಫೀಸು. ಕಬ್ಬಿನ ದುಡ್ಡು ಬರುವ ಹೊತ್ತಿಗೆ ಬರುತ್ತದೆ, ಹಾಲಿನ ದುಡ್ಡು ತಪ್ಪದೆ ಅವಳ ಕೈಗೇ ಬರುತ್ತದೆ. ಅದನ್ನು ಬಿಡು ಅಂತ ಹೇಳಬೇಕಾದರೆ ನನ್ನ ಕೈಯಲ್ಲಿ ಬೇರೆ ಏನಾದರೂ ಇರಬೇಕು. ಇಲ್ಲ.

ಹೋದ ತಿಂಗಳು ಅವಳೇ ಫೋನ್ ಮಾಡಿದಳು. ದೊಡ್ಡ ಹಸು ಈದಿದೆ, ಮತ್ತೆ ಹೋರಿಗರು.

"ಗಿಣ್ಣು ಮಾಡ್ಲಿಲ್ಲ ಕಣೋ ಈ ಸಲ. ಮೂರ್ ದಿನ ಕರೂಗೇ ಬುಟ್ಟೆ."

ನನಗೆ ಮಾತು ಹೊರಡಲಿಲ್ಲ.

"ಇನ್ಮುಂದೆ ಏನ್ ಮಾಡದು ನೀನೇ ಯೋಳು. ನಿಮ್ ಭಾವನೂ ಕೊಡದ್ ಬ್ಯಾಡ ಅಂತವ್ರೆ."

"ಹುಲ್ಲು, ಬೂಸಾದ ದುಡ್ಡು ನಾನು ಕಳಿಸ್ತೀನಿ ಅಕ್ಕ."

"ಎಷ್ಟ್ ವರ್ಷ ಬದುಕ್ತದೆ ಗೊತ್ತಾ?"

"ಹದಿನೈದು, ಇಪ್ಪತ್ತು."

ಆ ಕಡೆ ಕೊಟ್ಟಿಗೆಯಲ್ಲಿ ಕ್ಯಾನ್ ಇಟ್ಟ ಸದ್ದು ಕೇಳಿಸಿತು. "ಭಾನುವಾರ ಬಾ, ಕೂತು ಲೆಕ್ಕ ಹಾಕವ" ಅಂದಳು.